ನಾ ಸತ್ತದ್ದು, ಸಿನಿಮಾದಾಂವ ಸತ್ತದ್ದು

ಅಂಟು ಹಚ್ಚಿ ಕೂಡಿಸಿದ ಮೀಸಿ ಒಣಗಿದ ಮ್ಯಾಲ ಮೇಲ್ದುಟಿ ಎಷ್ಟು ಕಡೀತೈತಿ ಅನ್ನೂದು, ರೀ, ಸತ್ತು ಮಲಗಿದಾಂವಗಷ್ಟ ಗೊತ್ತು. ದಾಂಡೇಲಿ ಕಾಗದ ಮಿಲ್ಲಿನ ಮಂದಿ ಕೂಡಿ ಗಣಪತಿ ಹಬ್ಬಕ್ಕ ಆಡಿದ ಸಂಗೀತ ನಾಟಕದಾಗ ನಂದು ಯುದ್ಧದಾಗ ಸತ್ತ ರಾಜಕುಮಾರನ ಪಾರ್ಟು. ಮಾತು ಕೊಟ್ರ ಮರೀತಾನ, ಕತ್ತಿ ಕೊಟ್ರ ಪರದೆ ಹರೀತಾನ ಅಂತ ಎಲ್ಲಾರೂ ವಿಚಾರ ಮಾಡಿ ನನ್ನ ಮೊದಲನೇ ಅಂಕದಾಗನ ಕೊಂದು ಮಲಗಿಸಿದ್ರು. ಸುಮ್ನ ಬಿದ್ದಿರೂ ಕೆಲಸದಾಗೂ ನಾ ಎಡವಿದೆ. ಅಪ್ಪ ರಾಜನ ಪಾರ್ಟಿನ ಗುರಪ್ಪ ಕಾಕಾ, ನಮ್ಮ ಮಗ್ಗಲ ಮನ್ಯಾಂವ, ಮಿಲ್ಲಿನಾಗ ಬಿದಿರು ಕತ್ತರಿಸೂ ಮಿಷನ್ನಿನ ಮ್ಯಾಲ ದುಡಿಯಾಂವ, ನನ್ನ ತಲಿ ತೊಡಿ ಮ್ಯಾಲಿಟ್ಕೊಂಡು ಹಾಡಾಕ ಹತ್ತಿದ್ದ. ತುರಿಕಿ ತಡಕೊಳ್ಳಾಕಾಗದ ನಾ ತುಟಿ ಅಲ್ಲಾಡಿಸಿದೆ. ಮೀಸಿ ಜಾರಿ ಅರ್ಧ ಬಾಯಾಗ ಹೋತು. ಮುಂದ ಕುಂತ ಹುಡುಗ್ರು ಹೋ ಅಂತ ನಕ್ರು. ಕಾಕಾ ಹಾಡು ಬಿಡಲಿಲ್ಲ. ಅಂಗೈಲೆ ನನ್ನ ಮಾರಿ ಸವರಿದಂಗ ಮಾಡಿ ಮೀಸಿ ತಿರುಗಿ ಅದರ ಜಾಗಾಕ್ಕ ಒತ್ತಿದ. ಸತ್ತ ಮಗನ ಮಾರಿ ಹೆಂಗ ಸವರ್ತಾನ ನೋಡವಾ ಅಂತ ಹೆಣ್ಮಕ್ಕಳು ಸೆರಗು ಕಣ್ಣಿಗಿ ಹಚ್ಚಿದ್ರು. ಒಬ್ಬ ಹಿರಿಯಾಂವ ಹಾಡಿನ ನಡುವನ ಸ್ಟೇಜ್ ಏರಿ ಕಾಕಾಗ ಟಾವೆಲ್ ಹೊಚ್ಚಿ ಆಯೇರಿ ಮಾಡಿದ. ಮೆಚ್ಚಿದ್ದಕ್ಕ ಉಡುಗೊರಿ ಕೊಡಾಕ ಆಟ ಮುಗಿಯೂತನಕ ನಮ್ಮ ಕಡೆ ಯಾರು ಕಾಯ್ತಾರ?

ಅವತ್ತು ಬರಲಾರದಾಕಿ ಕಾಕಾನ ಅವ್ವ ಕಲ್ಲವ್ವಜ್ಜಿ. ತನ್ನ ಹಳ್ಳಿ ಇಂದೂರಿನ ಗದ್ದ್ಯಾಗ ಕಳೆ ತೆಗೆಯೂದು ಬಿಟ್ಟು ಬರಾಕ ಆಗಿರಲಿಲ್ಲ. ಅವ್ವ ಒಮ್ಮೆರೆ ತನ್ನ ಹಾಡು ಕೇಳಬೇಕು ಅನ್ನೂದೊಂದ ಕಾಕಾನ ಆಶಾ. ಆಕಿ ಚಳಿಗಾಲದಾಗ ಬಂದ್ಲು. ನಾಟಕ ಮುಗಿದು ಹೋಗಿತ್ತು, ಆದ್ರ ಅದ ಕತಿ ಸಿನಿಮಾ ಆಗಿ ಹಳಿಯಾಳದ ಟೂರಿಂಗ್ ಟಾಕೀಸಿನ ಡೇರೆಕ್ಕ ಬಂದಿತ್ತು. "ನನ್ನ ಪಾರ್ಟು ಏನಂತರೆ ತಿಳೀತೈತಿ, ನಡೀಬೇ" ಅಂತ ಕಾಕಾ ಅವ್ವನ್ನ ಸಂಜಿ ಆಟಕ್ಕ ಕರಕೊಂಡು ಹೊಂಟ. ಸಾಯೂದು ಹೆಂಗ ಅಂತ ಕಲಿಯಾಕ ನಾನೂ ಬೆನ್ನ ಹತ್ತಿದೆ.

ಸಿನಿಮಾದಾಗ ಖರೇ ಆನಿ, ಖರೇ ಕುದುರಿ! ನಮ್ಮ ನಾಟಕದಾಗ ಯುದ್ಧ ಅಂದ್ರ ಪರದೆ ಹಿಂದ ಇಬ್ಬರು ತಗಡು ಬಡಿಯೂದು. ಆ ರಾಜಕುಮಾರನಂತೂ ಏನು ಸತ್ತಿದ್ದ ಅಂತೀರಿ, ರೆಪ್ಪಿ ಸುದ್ದಾ ಹಾರಲಿಲ್ಲ. ಅವನ ಅಪ್ಪ ಹಾಡಾಕ ಸುರು ಮಾಡಿದ್ದ ತಡ, ಹಿಂದಿನಿಂದ ಪಿಟೀಲಿನ ಹಿಂಡ ಎದ್ದು ಬಂತು. ಕಾಕಾನ ಮಾರಿ ಸಣ್ಣದಾತು.

"ಇದನ್ನ ಕೇಳಿದ ಮ್ಯಾಲ ಅವ್ವನ ಮುಂದ ನಾ ಯಾವ ಬಾಯಿಲೆ ಹಾಡ್ಲೋ ತಮ್ಮಾ?" ಅಂದ.

ಅಷ್ಟರಾಗ ಅಜ್ಜಿ ಎದ್ದ ಬಿಟ್ಲು. ಸಂಚಿ ಬಿಚ್ಚಿ, ಎಲಿ ಅಡಿಕಿ ಹಿಡಕೊಂಡು, ಮಂದಿ ದಾಟಿ ಪರದೆ ಮುಂದ ಹೋಗಿ ಹಾಡಾಂವಗ ಆಯೇರಿ ಮಾಡಾಕ ಕೈ ಚಾಚಿದ್ಲು. ಆಕಿ ತಲಿ ನೆರಳು ರಾಜನ ಗಡ್ಡದ ಮ್ಯಾಲ ಬಿತ್ತು. "ಏ ಅಜ್ಜೀ, ಕುಂದ್ರಬೇ!" ಅಂತ ಡೇರೆ ತುಂಬ ಗದ್ದಲ. ರಾಜ ಎಲ್ಲೋ ನೋಡಕೋತ ಹಾಡಿ ಮುಗಿಸಿದ. ಅವನ ಜಾಗಾದಾಗ ಹೂದೋಟ ಬಂತು, ಹುಡುಗ್ಯಾರು ಕುಣಿದ್ರು.

"ಸೊಕ್ಕಿನಾಂವ ನೋಡ! ಕೈ ಚಾಚಿ ನಿಂತ್ರೂ ಬಗ್ಗಲಿಲ್ಲ" ಅಂತ ಅಜ್ಜಿ ತಿರುಗಿ ಬಂದ್ಲು.

"ಅಂವ ಇಲ್ಲಿಲ್ಲಬೇ. ಹಾಡಿ ಎಷ್ಟೋ ದಿನಾ ಆಗೈತಿ" ಅಂದ ಕಾಕಾ.

"ಹಂಗಾರ ಯಾರ ಮುಂದ ಹಾಡಿದ?"

ನನಗ ಆ ರಾಜನ ಮ್ಯಾಲ ಸಿಟ್ಟಲ್ಲ, ಕನಿಕರ ಬಂತು ರೀ. ಅಷ್ಟು ಚಂದ ಹಾಡಿ, ಪಾಪ, ಒಂದು ಕ್ಯಾಮೆರಾ ಮಿಷನ್ನಿನ ಮುಂದ ಅತ್ತು ಎದ್ದು ಹೋಗಿರಬೇಕು. ಶಾಬಾಸ್ ಅನ್ನಾಕ, ಎಲಿ ಅಡಿಕಿ ಕೊಡಾಕ, ಕಡೀಕ ನನ್ನಂಥಾ ಹೆಣಾ ಕೆಡಿಸಿದ್ದನ್ನ ಸಂಬಾಳಸಾಕರೆ ಅವನ ಮುಂದ ಯಾರಿದ್ರು?

ಮರುದಿನಾ ಮುಂಜಾನೆ ಅಜ್ಜಿ ಕಾಕಾನ ಮನಿ ಕಟ್ಟಿ ಮ್ಯಾಲ ಕುಂತು, "ಈಗ ನೀ ಹಾಡು" ಅಂದ್ಲು.

"ನಮ್ಮಲ್ಲಿ ಆನಿ ಇಲ್ಲ, ಪಿಟೀಲಿಲ್ಲಬೇ."

"ಆನಿ ನೋಡಾಕ ಬಂದೇನೇನೋ ನಾ?"

ಯಾರೂ ಹೇಳದನ ನಾ ಅಂಗಳದಾಗ ಉದ್ದಕ ಬಿದ್ದೆ. ಕಾಕಾ ನನ್ನ ತಲಿ ತೊಡಿ ಮ್ಯಾಲಿಟ್ಕೊಂಡ. ಮೊದಲನೇ ಸಾಲಿಗೆ ಧ್ವನಿ ನಡುಗಿತು. ಎರಡನೇದಕ್ಕ ಅಂವ ಸಿನಿಮಾ ಮರೆತ. ಅಜ್ಜಿ ಎಲಿ ಅಗಿಯೂದು ನಿಂತಿತು. ಅಪ್ಪ ಮಗನ್ನ ಹೆಸರು ಹಿಡಿದು ಕರಿಯೂ ಸಾಲು ಬಂತು ನೋಡ್ರಿ, ಕಟ್ಟಿ ಇಳಿದು ಬಂದು ಆಕಿ ನನ್ನ ಭುಜ ಹಿಡಿದು ಅಲಗಾಡಿಸಿದ್ಲು.

"ಏಳೋ ನನ ಕಂದಾ. ನಿಮ್ಮಪ್ಪ ಅಳಾಕ ಹತ್ಯಾನ, ಕೇಳವಲ್ದೇನು?"

ಏನು ಮಾಡ್ಲಿ ನಾ? ನಾಟಕ ಬರದಾಂವ ಇದನ್ನ ಬರದಿರಲಿಲ್ಲ. ಸಿನಿಮಾದ ಹುಡುಗ ಇವತ್ತಿಗೂ ಯಾವುದೋ ಊರಿನ ಡೇರೆದಾಗ ರೆಪ್ಪಿ ಹಾರಿಸದ ಬಿದ್ದಿರಬೇಕು. ನಾ ಎದ್ದು ಕುಂತೆ.

"ಹಾಡು ಇನ್ನೂ ಮುಗಿದಿಲ್ಲಬೇ" ಅಂದ ಕಾಕಾ, ಕಣ್ಣು ಒರಸಿಕೋತ.

"ಇರಲಿ ಬಿಡು" ಅಂದ್ಲು ಅಜ್ಜಿ. "ಕೂಸು ಎದ್ದೈತಿ."