ದರ್ಜಿ ಮಾತು ಮರೆತಾಗ

‘ಚಿತ್ರದಲ್ಲಿ ಕಾಣುವುದೆಲ್ಲ ನಿರ್ದೇಶಕನ ಕಲ್ಪನೆ’ ಎಂಬ ಮಾತನ್ನು ನಾನೂ ನಂಬಿದ್ದೆ. ಕೈಕಾಸಿನಲ್ಲಿ ಮಾಡಿದ ನನ್ನ ಸಿನಿಮಾ ಇಂದಿರಾನಗರದಲ್ಲಿ ಪ್ರದರ್ಶನವಾದಾಗ ಜನ ಚಪ್ಪಾಳೆ ತಟ್ಟಿದ್ದು ಒಂದೇ ದೃಶ್ಯಕ್ಕೆ. ಶಿವಾಜಿನಗರದ ದರ್ಜಿಯೊಬ್ಬರು ಸಂಭಾಷಣೆ ಮರೆತು, ನಾನು ‘ಕಟ್’ ಎಂದ ಮೇಲೂ ಓಡುತ್ತಿದ್ದ ಕ್ಯಾಮೆರಾದ ಮುಂದೆ, ಸುಮ್ಮನೆ ಸೂಜಿಗೆ ದಾರ ಪೋಣಿಸಿದ್ದರು. ಸಂಕಲನ ಮಾಡಿದ ಮೇರಿ ನನ್ನನ್ನು ಕೇಳದೆ ಅದನ್ನು ಉಳಿಸಿದ್ದಳು. ನನ್ನ ಹೊಟ್ಟೆ ಉರಿಯಿತು.

“ಬೇಡ ಅಂದಿದ್ನಲ್ಲಮ್ಮಾ, ಯಾಕಿಟ್ಟೆ?”

“ನೀವು ಕಟ್ ಅಂದ್ಮೇಲೇ ಸಾರ್, ಅವ್ರು ಆಕ್ಟಿಂಗ್ ನಿಲ್ಸಿದ್ದು!”

ಅಷ್ಟರಲ್ಲಿ ಪ್ರೇಕ್ಷಕರೊಬ್ಬರು ಅದೇ ದೃಶ್ಯಕ್ಕಾಗಿ ನನ್ನ ಕೈಕುಲುಕಿದರು. ಅವಳೆದುರೇ ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ.

ಅಸೂಯೆ ಇನ್ನೂ ಆರಿಲ್ಲ. ಆದರೂ ಚಿತ್ರೀಕರಣದ ನೋಟ್‌ಬುಕ್ಕನ್ನು ನಾನು ಹರಿದು ಹಾಕಿಲ್ಲ. ಆ ದೃಶ್ಯದ ಎದುರು ‘ನಿರುಪಯುಕ್ತ, ತೆಗೆಯಿರಿ’ ಎಂದು ನನ್ನದೇ ಕೈಬರಹವಿದೆ. ಯಾರು ಬೇಕಾದರೂ ಬಂದು ಓದಬಹುದು.