ಮುಚ್ಚಿದ ಮಾರುಕಟ್ಟೆಯಲ್ಲಿ ಒತ್ತಿದ ಗುಂಡಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಆಕೆಯನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಆವಿ ತುಂಬಿದ ಆ ಕೋಣೆಯೊಳಗೆ ಫೋನು ಒಯ್ಯುವಂತಿಲ್ಲ. ಬೆಳಗ್ಗೆ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಮತ್ತೆ ಕೈಗೆ ಸಿಗುವುದು ಕೆಲಸ ಬಿಟ್ಟ ಮೇಲೆಯೇ. ಹೀಗಾಗಿ ಷೇರು ಮಾರುಕಟ್ಟೆ ಬಾಗಿಲು ತೆರೆದಿರುವುದನ್ನು ಆಕೆ ಕಂಡವಳೇ ಅಲ್ಲ. ಆಕೆ ನೋಡುವ ಹೊತ್ತಿಗೆ ಅದು ಮುಚ್ಚಿರುತ್ತಿತ್ತು.

ಷೇರು ಇದ್ದದ್ದಾದರೂ ಒಂದೇ ಕಂಪನಿಯದು. ಗಂಡ ಲೇತ್ ಯಂತ್ರದ ಮುಂದೆ ನಿಂತು ಆಯುಸ್ಸು ಸವೆಸಿದ ಕಾರ್ಖಾನೆ, ಒಂದು ವರ್ಷ ಕೆಲಸಗಾರರಿಗೂ ತಲಾ ನಾಲ್ಕು ಷೇರು ಹಂಚಿತ್ತು. ಅಂದಿನಿಂದ ಆತನದು ಒಂದೇ ರಾಗ. ತಡವಾಗಿ ಬಂದನೆಂದು ಗೇಟಿನವನು ತಡೆದರೆ, "ಮಾಲೀಕನನ್ನೇ ತಡೀತೀಯೇನಯ್ಯಾ?" ಎನ್ನುವನು. "ಹಾಗಾದ್ರೆ ನನ್ನ ಸಂಬಳ ಜಾಸ್ತಿ ಮಾಡಿ ಒಳಗೆ ಹೋಗಿ ಸ್ವಾಮಿ," ಎಂದು ಅವನೂ ಕೈಮುಗಿಯುವನು.

ಆತ ತೀರಿಕೊಂಡ ಮೇಲೆ ಷೇರು ಈಕೆಯ ಹೆಸರಿಗೆ ಬಂತು. ಮಗಳು ಅದನ್ನು ಅಮ್ಮನ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟಳು. ದಿನಾ ಸಂಜೆ ಬಸ್ಸಿನಲ್ಲಿ ಕೂತು ಕಂಪನಿಯ ಹೆಸರನ್ನು ಒಮ್ಮೆ ನೋಡುವುದು. ಬೆಲೆ ಏರಿದ್ದರೆ "ಇವತ್ತು ಖುಷಿಯಾಗಿದ್ದಾರೆ", ಇಳಿದಿದ್ದರೆ "ಯಾಕೋ ಮುಖ ಸಪ್ಪಗಿದೆ" ಎಂದುಕೊಳ್ಳುವುದು. ಮಾರುವ ಯೋಚನೆ ಕನಸಿನಲ್ಲೂ ಇರಲಿಲ್ಲ.

ಒಂದು ಸಂಜೆ ಪಕ್ಕದಲ್ಲಿ ಕೂತಿದ್ದ ಕೆಲಸದ ಜೊತೆಗಾತಿ ಇಣುಕಿದಳು.

"ಅಲ್ಲ ಕಣಕ್ಕಾ, ದಿನಾ ಮುಖ ನೋಡ್ತೀಯಲ್ಲ, ಮಾರಿದ್ರೆ ಕೈಗೆಷ್ಟು ಬರುತ್ತೆ ಅಂತ ಗೊತ್ತಾ?"

"ಯಾರಿಗ್ಗೊತ್ತು!"

"ಮಾರು ಅಂತಿರೋ ಆ ಕೆಂಪು ಗುಂಡಿ ಒತ್ತು, ಲೆಕ್ಕ ತೋರಿಸುತ್ತೆ. ಹೆದರಬೇಡ, ಮಾರುಕಟ್ಟೆ ಮುಚ್ಚಿದೆ ಅಂತ ಮೇಲೆ ಬರ್ದಿದೆ ನೋಡು. ಬಾಗಿಲು ಹಾಕಿದ ಅಂಗಡೀಲಿ ಯಾರು ಕೊಳ್ತಾರೆ?"

ಮಾತು ಸರಿಯೆನಿಸಿತು. ಒತ್ತಿದಳು. ಖಚಿತವೇ ಎಂದು ಫೋನು ಕೇಳಿತು. ಅದಕ್ಕೂ ಹೌದೆಂದು ಒತ್ತಿದಳು. ಪರದೆಯ ಮೇಲೊಂದು ಗಡಿಯಾರದ ಚಿತ್ರ ಮೂಡಿ ಸುಮ್ಮನಾಯಿತು. "ಲೆಕ್ಕಾನೂ ಇಲ್ಲ, ಗಿಕ್ಕಾನೂ ಇಲ್ಲ," ಎಂದು ಇಬ್ಬರೂ ನಕ್ಕು ತಮ್ಮ ತಮ್ಮ ನಿಲ್ದಾಣದಲ್ಲಿ ಇಳಿದರು.

ಮರುದಿನ ಸಂಜೆ ತೆರೆದು ನೋಡಿದರೆ ಕಂಪನಿಯ ಹೆಸರೇ ಇಲ್ಲ. ಕನ್ನಡಕ ಒರೆಸಿ ನೋಡಿದಳು, ಇಲ್ಲ. ಮನೆಗೂ ಹೋಗದೆ ಸೀದಾ ಮಗಳಲ್ಲಿಗೆ ಬಂದಳು. ಮಗಳು ಕೂಸಿಗೆ ಹಾಲೂಡಿಸುತ್ತಲೇ ಒಂದು ಕೈಯಲ್ಲಿ ಫೋನು ಹಿಡಿದು ನೋಡಿದಳು.

"ಅಮ್ಮಾ, ಮಾರಾಟ ಆಗಿಹೋಗಿದೆ. ಇವತ್ತು ಬೆಳಗ್ಗೆ, ಮಾರುಕಟ್ಟೆ ತೆಗೆದ ತಕ್ಷಣ."

"ಬೆಳಗ್ಗೆ ನಾನು ಮುಟ್ಟೇ ಇಲ್ವಲ್ಲೇ! ನಿನ್ನೆ ಮುಚ್ಚಿದ ಮೇಲೆ ಸುಮ್ನೆ ಒತ್ತಿದ್ದು."

"ಮುಚ್ಚಿದ ಮೇಲೆ ಕೊಟ್ಟ ಆರ್ಡರು ಕಾದು ಕೂತಿರುತ್ತೆ ಅಮ್ಮಾ. ಬಾಗಿಲು ತೆಗೆದ ಕೂಡ್ಲೇ ಸಿಕ್ಕಿದ ಬೆಲೆಗೆ ಹೋಗಿಬಿಡುತ್ತೆ. ಅದಕ್ಕೆ ಮುಂಚೆ ರದ್ದು ಮಾಡಬಹುದಿತ್ತು. ಇದನ್ನ ನಾನು ನಿಂಗೆ ಹೇಳ್ಬೇಕಿತ್ತು."

ಆ ಹೊತ್ತಿನಲ್ಲಿ ತಾನು ದಿಂಬಿನ ಚೀಲಗಳನ್ನು ಮಡಚುತ್ತಿದ್ದುದು ನೆನಪಾಯಿತು. ಯಾವುದೋ ಮಾತಿಗೆ ನಗುತ್ತಲೂ ಇದ್ದಳು. ಗಂಡ ಸಾಯುವಾಗಲಾದರೂ ಪಕ್ಕದಲ್ಲಿದ್ದಳು. ಈ ಸಲ ಅದೂ ಇಲ್ಲ.

"ಅಳಬೇಡಮ್ಮಾ. ದುಡ್ಡೆಲ್ಲೂ ಹೋಗಿಲ್ಲ. ನಾಳೆ ಬೆಳಗ್ಗೆ ನಾನೇ ವಾಪಸ್ ಕೊಂಡುಕೊಡ್ತೀನಿ, ಅದೇ ಕಂಪನಿದು, ಅಷ್ಟೇ ಷೇರು."

"ಬೇಡ ಕಣೇ. ಕೊಂಡು ತಂದ್ರೆ ಅವು ನನ್ನವಾಗ್ತವೆ. ಅವರವು ಹೇಗಾಗ್ತವೆ?"

ಮಗಳು ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು.

"ಕೊಂಡವರು ಯಾರು ಅಂತ ಗೊತ್ತಾಗುತ್ತಾ?"

"ಇಲ್ಲಮ್ಮಾ. ಅದು ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಿದ್ರೆ ಒಂದ್ಮಾತು ಹೇಳ್ತಿದ್ದೆ. ಕಾರ್ಖಾನೆಗೆ ಕೆಲವು ತಿಂಗಳು ಬೀಗ ಬಿದ್ದ ವರ್ಷ ಎಲ್ಲರೂ ಮಾರ್ಕೊಂಡ್ರು, ನಿಮ್ಮಪ್ಪ ಒಬ್ರೇ ಇಟ್ಕೊಂಡಿದ್ರು. ನೀವೂ ಸ್ವಲ್ಪ ಇಳೀತು ಅಂತ ಗಾಬರಿಬಿದ್ದು ಮಾರ್ಬೇಡೀಪ್ಪಾ ಅನ್ನಬೇಕಿತ್ತು."