ನಡುಮಧ್ಯಾಹ್ನದ ಸುಟ್ಟ ವಾಸನೆ

ದಾವಣಗೆರೆಯ ಕರೂರಿನ ಸಣ್ಣದೊಂದು ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಮೋಟಾರು ವೈಂಡಿಂಗ್ ಮಾಡಿದವಳು ನಾನು. ಸುಟ್ಟ ಮೋಟಾರಿನ ತಂತಿ ಬಿಚ್ಚುವುದು, ಹೊಸ ತಾಮ್ರ ಸುತ್ತುವುದು. ಕೂತು ಕೂತು ಸೊಂಟ ಹಿಡಿದುಕೊಂಡಾಗ, ಪಕ್ಕದಲ್ಲೇ ವೈರಿಂಗ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ನನ್ನನ್ನು ಕರೆದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು.

"ಮನೆ ಮ್ಯಾಲೆ ಸೋಲಾರ್ ಹಾಕಿಸ್ಕೊಂಡೋರು ಭಾಳ ಮಂದಿ ಅದಾರ. ಹಾಕಿದ ಮ್ಯಾಲೆ ಹತ್ತಿ ನೋಡೋರು ಯಾರೂ ಇಲ್ಲ. ಬಾ, ಕಲಿ" ಎಂದರು.

ಒಂದು ವರ್ಷ ಅವರ ಹಿಂದೆ ನಿಟ್ಟುವಳ್ಳಿಯ ತಾರಸಿಗಳನ್ನು ಹತ್ತಿ ಇಳಿದೆ. ಆಮೇಲೆ ಒಂದು ದಿನ ಹರಿಹರದ ಒಂದು ಮನೆಯಿಂದ ಫೋನ್ ಬಂತು. ಚಾಚಾ ತಮ್ಮ ಶಾಖ ತೋರಿಸುವ ಕ್ಯಾಮೆರಾವನ್ನು ನನ್ನ ಕೈಗಿಟ್ಟು, "ಈ ಸಲ ನೀನೊಬ್ಬಳೇ" ಎಂದರು. ಬಸ್ಸಿನಲ್ಲಿ ಆ ಬ್ಯಾಗನ್ನು ತೊಡೆಯ ಮೇಲಿಂದ ಒಮ್ಮೆಯೂ ಇಳಿಸಲಿಲ್ಲ.

ಮನೆಯಾಕೆ ಹಪ್ಪಳ ಸಂಡಿಗೆ ಮಾಡಿ ಮಾರುವವರು. ತಾರಸಿಯ ಅರ್ಧ ಭಾಗದಲ್ಲಿ ಪ್ಯಾನೆಲ್ಲುಗಳು, ಉಳಿದರ್ಧದಲ್ಲಿ ಹಳೇ ಸೀರೆಗಳ ಮೇಲೆ ಸಂಡಿಗೆ. ನಾನು ಚಪ್ಪಲಿ ಬಿಡುವ ಮೊದಲೇ ಅವರು ಶುರು ಮಾಡಿದರು.

"ಮಧ್ಯಾಹ್ನ ಆತು ಅಂದ್ರ ಸುಟ್ಟ ವಾಸ್ನೆ ಬರ್ತೈತೆ ನೋಡ್ರಿ. ಹೇಳಿದ್ರ ಯಾರೂ ನಂಬಂಗಿಲ್ಲ."

"ಕಾರ್ಖಾನೆ ಹೊಗೆ ಇರ್ಬೇಕು" ಎಂದರು ಅವರ ಗಂಡ, ಪೇಪರಿನಿಂದ ತಲೆ ಎತ್ತದೆ. "ಕರೆಂಟು ಸರಿಯಾಗೇ ಬರ್ತೈತೆ. ಹಸಿರು ದೀಪ ಉರೀತೈತೆ. ಇಕಿಗೆ ಎಲ್ಲದ್ರಾಗೂ ವಾಸ್ನೆ."

ಮೇಲೆ ಹತ್ತಿ ಒಂದೊಂದಾಗಿ ನೋಡಿದೆ. ಕಂಬಿಗಳ ನಟ್ಟುಗಳು ಬಿಗಿಯಾಗಿದ್ದವು, ಅರ್ಥಿಂಗ್ ತಂತಿ ಗಟ್ಟಿಯಾಗಿತ್ತು. ಬಿಸಿಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ, ಕೆಳಗಿನ ಗೋಡೆಯ ಇನ್ವರ್ಟರ್ ಪೆಟ್ಟಿಗೆಯಲ್ಲೂ ತಪ್ಪಿರಲಿಲ್ಲ. ಕ್ಯಾಮೆರಾ ಹಿಡಿದರೆ ಎಲ್ಲೆಡೆ ಒಂದೇ ಬಣ್ಣ, ಹೆಚ್ಚು ಬಿಸಿಯಾದ ಜಾಗ ಎಲ್ಲೂ ಕಾಣಲಿಲ್ಲ. ಮೊದಲ ಕೆಲಸದಲ್ಲೇ ಏನೂ ಸಿಗದೆ ಹಿಂದಿರುಗಬೇಕಲ್ಲ ಎಂದು ಮುಖ ಸಣ್ಣದಾಯಿತು.

ಆದರೆ ಮನೆಯಾಕೆಯ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಮೋಟಾರು ಬಿಚ್ಚುವ ಮೊದಲು ನಾವು ಮೂಸಿ ನೋಡುತ್ತಿದ್ದೆವು. ಮೀಟರಿಗಿಂತ ಮೊದಲು ಮೂಗಿಗೆ ತಿಳಿಯುವುದನ್ನು ಎಷ್ಟೋ ಸಲ ಕಂಡಿದ್ದೆ. ಚಾಚಾಗೆ ಫೋನ್ ಮಾಡಿದೆ.

"ಟೈಮ್ ಎಷ್ಟಾಗೈತೆ?"

"ಹತ್ತು ಗಂಟೆ, ಚಾಚಾ. ಮೋಡ ಬ್ಯಾರೆ ಐತೆ."

"ಮತ್ತೆ ಹೆಂಗೆ ಸಿಗ್ತೈತೆ? ಬಿಸಿಲು ಏರಿದಂಗೆ ಕರೆಂಟು ಏರ್ತೈತೆ, ಆಗ್ಲೇ ಕೆಟ್ಟ ಜಾಗ ಕಾಯೋದು. ಅವಸರ ಬ್ಯಾಡ, ಕೂತ್ಕೋ."

ಮನೆಯಾಕೆ ಮಂಡಕ್ಕಿ ಒಗ್ಗರಣೆ ಹಾಕಿ ತಂದುಕೊಟ್ಟರು. ಮೋಡ ಸರಿದು ಬಿಸಿಲು ನೆತ್ತಿಗೆ ಬಂತು. ಹನ್ನೆರಡೂವರೆಯ ಹೊತ್ತಿಗೆ ಅವರು ತಟ್ಟನೆ ತಲೆ ಎತ್ತಿ, "ಬಂತು ನೋಡ್ರಿ" ಎಂದರು. ನನಗೂ ಬಂತು. ಸಣ್ಣಗೆ, ಪ್ಲಾಸ್ಟಿಕ್ ಸುಟ್ಟ ವಾಸನೆ.

ಪ್ಯಾನೆಲ್ಲುಗಳ ಕೆಳಗೆ ಬಗ್ಗಿ ಕ್ಯಾಮೆರಾ ತೂರಿಸಿದೆ. ಕಿತ್ತಳೆ ಬಣ್ಣದ ನಡುವೆ, ಎರಡು ಕೇಬಲ್ ಕೂಡುವ ಜಾಗದಲ್ಲಿ, ಬೆಳ್ಳಗೆ ಒಂದು ಚುಕ್ಕೆ ಕಣ್ಣಿಗೆ ಹೊಡೆಯಿತು. ಅಕ್ಕಪಕ್ಕದ ಜೋಡಣೆಗಳಿಗಿಂತ ಅದು ನಲವತ್ತು ಡಿಗ್ರಿ ಹೆಚ್ಚು ಬಿಸಿ. ಅದರ ಕೆಳಗೆ ಗೇಣು ದೂರದಲ್ಲಿ ಪಾರಿವಾಳದ ಗೂಡು, ಒಣಕಡ್ಡಿಗಳ ಗುಡ್ಡೆ. ಒಂದು ಕಿಡಿ ಬಿದ್ದಿದ್ದರೆ ಸಾಕಿತ್ತು.

"ಸಿಕ್ತು, ಅಕ್ಕಾ" ಎಂದೆ. ನನ್ನ ದನಿ ಕೆಳಗಿನ ಬೀದಿಗೂ ಕೇಳಿಸಿರಬೇಕು. ಗಂಡ ಪೇಪರ್ ಬಿಟ್ಟು ಓಡಿ ಬಂದವರೇ, ಬಗ್ಗಿ ಆ ಕೇಬಲ್ ಎಳೆಯಲು ಕೈ ಚಾಚಿದರು.

"ಕೈ ಹಚ್ಬ್ಯಾಡ್ರಿ ಅಣ್ಣಾರೆ. ಕರೆಂಟು ಹರಿಯೋವಾಗ ಎಳೆದ್ರ ಬೆಂಕಿ ಹಾರ್ತೈತೆ."

ಅವರು ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಕೆಳಗೆ ಹೋಗಿ ಮೊದಲು ಮನೆಯ ಕಡೆಯ ಸ್ವಿಚ್, ಆಮೇಲೆ ಪ್ಯಾನೆಲ್ಲಿನ ಕಡೆಯ ಸ್ವಿಚ್ ಇಳಿಸಿದೆ. ಮೀಟರ್ ಹಿಡಿದು ಕರೆಂಟು ಸೊನ್ನೆ ಎಂದು ಖಾತ್ರಿ ಮಾಡಿಕೊಂಡೆ. ಹಾಗಿದ್ದರೂ ಬಿಸಿಲಿರುವ ತನಕ ಪ್ಯಾನೆಲ್ಲು ಸುಮ್ಮನಿರುವುದಿಲ್ಲ, ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. "ದಪ್ಪ ಹೊದಿಕೆ ಏನಿದ್ರೂ ತರ್ರಿ" ಎಂದೆ. ಜಮಖಾನ, ಕಂಬಳಿ, ಕೌದಿ ಎಲ್ಲ ಬಂದವು. ಗಂಡ ಹೆಂಡತಿ ಆಚೀಚೆ ಹಿಡಿದು ಪ್ಯಾನೆಲ್ಲುಗಳನ್ನು ಮುಚ್ಚಿದರು.

ಕೈಗವಸು ತೊಟ್ಟು ಜೋಡಣೆ ಬಿಚ್ಚಿದೆ. ಅರ್ಧ ಒಂದು ಕಂಪನಿಯದು, ಇನ್ನರ್ಧ ಇನ್ನೊಂದರದು. ಮೇಲ್ನೋಟಕ್ಕೆ ಕೂಡಿದ್ದರೂ ಒಳಗೆ ಸರಿಯಾಗಿ ಕಚ್ಚಿರಲಿಲ್ಲ. ಪಿನ್ನು ಕಪ್ಪಾಗಿತ್ತು, ಪ್ಲಾಸ್ಟಿಕ್ ಕರಗಿತ್ತು. ಗಂಡ ಅದನ್ನು ಮೂಗಿನ ಹತ್ತಿರ ಹಿಡಿದು, ಹೆಂಡತಿಯ ಕಡೆ ನೋಡಿ ಹೇಳಿದರು, "ನೀ ಹೇಳಿದ್ದು ಖರೆ ಐತೆ. ನಂದೇ ತಪ್ಪು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

ಕೇಬಲ್ಲಿನ ಸುಟ್ಟ ತುದಿಗಳನ್ನು ಕತ್ತರಿಸಿ, ಒಂದೇ ಕಂಪನಿಯ ಹೊಸ ಜೋಡಿ ಕೂರಿಸಿ ಒತ್ತಿದೆ. ಎಳೆದು ನೋಡಿದೆ. ಗೂಡಿನಲ್ಲಿ ಮೊಟ್ಟೆ ಇರಲಿಲ್ಲವಾದ್ದರಿಂದ ಕಡ್ಡಿಗಳನ್ನೆಲ್ಲ ಬಳಿದು ತೆಗೆದೆವು. ಕೇಬಲ್ಲಿನಿಂದ ನೆಲಕ್ಕೆ ಎಲ್ಲೂ ಕರೆಂಟು ಸೋರುತ್ತಿಲ್ಲವೆಂದು ಮೀಟರ್ ಹೇಳಿದ ಮೇಲೆ ಹೊದಿಕೆ ತೆಗೆದು, ಕೆಳಗಿಳಿದು ಸ್ವಿಚ್ ಏರಿಸಿದೆ. ಇನ್ವರ್ಟರಿನ ಪರದೆಯಲ್ಲಿ ಶುರುವಾಗಲು ಉಳಿದ ಸೆಕೆಂಡುಗಳು ಇಳಿಯುತ್ತ ಬಂದವು. ಮೂವರೂ ಪರದೆಯತ್ತ ಬಗ್ಗಿದೆವು. ಹಸಿರು ದೀಪ ಹತ್ತಿತು. ಅರ್ಧ ಗಂಟೆ ಕಾದು, ಮತ್ತೆ ಮೇಲೆ ಹತ್ತಿ ಕ್ಯಾಮೆರಾ ಹಿಡಿದಾಗ ಆ ಜಾಗ ಉಳಿದವುಗಳ ಬಣ್ಣಕ್ಕೇ ತಿರುಗಿತ್ತು.

"ಒಂದು ಸಲ ಕೊಡ್ರಿ" ಎಂದು ಮನೆಯಾಕೆ ಕ್ಯಾಮೆರಾ ಇಸಿದುಕೊಂಡರು. ತಮ್ಮ ಅಂಗೈ ನೋಡಿದರು, ಸಂಡಿಗೆ ನೋಡಿದರು, ಗಂಡನ ಬೋಳು ತಲೆ ನೋಡಿ ನಗು ತಡೆಯಲಾರದೆ ಗೋಡೆಗೆ ಒರಗಿದರು. ಕಾದ ಪ್ಯಾನೆಲ್ಲಿಗೆ ತಣ್ಣೀರು ಹುಯ್ಯಬೇಡಿ, ಬೆಳಿಗ್ಗೆ ತೊಳೆಯಿರಿ, ವರ್ಷಕ್ಕೊಮ್ಮೆ ಜೋಡಣೆ ನೋಡಿಸಿ ಎಂದು ನಾನು ಹೇಳಿದ್ದು ಆ ನಗುವಿನಲ್ಲಿ ಎಷ್ಟು ಕೇಳಿಸಿತೋ.

ಬಸ್ ಸ್ಟ್ಯಾಂಡಿನಿಂದ ಚಾಚಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಶಾಬಾಸ್. ರಿಪೋರ್ಟ್ ಬರೆದ್ಯಾ?" ಎಂದರು. ಬರೆದಿರಲಿಲ್ಲ. ದಾವಣಗೆರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ರಿಪೋರ್ಟ್ ಪುಸ್ತಕ ತೆರೆದೆ. ಬಸ್ಸು ಕುಲುಕುತ್ತಿತ್ತು. ಅಕ್ಷರಗಳು ಸೊಟ್ಟಗಾದರೂ ನಮ್ಮೂರಿನ ಪಿ.ಜೆ. ಬಡಾವಣೆ ಬರುವಷ್ಟರಲ್ಲಿ ಎರಡು ಪುಟ ತುಂಬಿಸಿದ್ದೆ.